ಕ್ಷುರದೀಪ ಮೀಮಾಂಸೆ

ಸೇಫ್ಟಿ ರೇಜರಿನ ಹಿಡಿಗೆ ಸಿಕ್ಕಿಸುವ ಪುಟ್ಟ ದೀಪವೊಂದುಂಟು. ತಗಡಿನ ಕ್ಲಿಪ್ಪು, ಅದರ ತುದಿಗೊಂದು ಬಲ್ಬು, ಹಿಂದೆ ಪೆನ್ಸಿಲ್ ಸೆಲ್ಲು, ಒತ್ತಲು ಗುಂಡಿ. ಇಷ್ಟು ಗಹನವಾದ ವಸ್ತುವಿನ ಮೇಲೆ ನಮ್ಮ ವಿದ್ವಾಂಸರು ಈವರೆಗೆ ಲೇಖನಿ ಎತ್ತದಿರುವುದನ್ನು ಕಂಡು ಮನನೊಂದು ಈ ಪ್ರಬಂಧಕ್ಕೆ ತೊಡಗಿದ್ದೇನೆ.

ಶಾಸ್ತ್ರ ಎಂದಮೇಲೆ ಅನುಬಂಧ ಚತುಷ್ಟಯವನ್ನು ಹೇಳಿಯೇ ಮುಂದುವರಿಯಬೇಕು. ವಿಷಯ, ದೀಪ. ಪ್ರಯೋಜನ, ನುಣುಪಾದ ಗಲ್ಲ. ಸಂಬಂಧ, ಕ್ಲಿಪ್ಪು. ಅಧಿಕಾರಿ ಯಾರು ಎಂಬಲ್ಲಿ ಮಾತ್ರ ತೊಡಕಿದೆ. ಬೆಳಕಿದ್ದವನಿಗೆ ಇದು ಬೇಡ. ಬೆಳಕಿಲ್ಲದವನು ಗಡ್ಡದ ಗೊಡವೆಗೇ ಹೋಗುವುದಿಲ್ಲ. ಉಳಿದವನೆಂದರೆ ನಸುಕಿನ ಮೊದಲ ಬಸ್ಸು ಹಿಡಿದು ಹೆಣ್ಣು ನೋಡಲು ಹೊರಟ ಗಂಡು, ಅದೂ ಕರೆಂಟು ಹೋದ ದಿನ. ಗಡ್ಡ ಬಿಟ್ಟವರು ಅನಧಿಕಾರಿಗಳು. ಅವರು ಇಲ್ಲಿಂದಲೇ ಎದ್ದು ಹೋಗಬಹುದು.

ಇನ್ನು ಪೂರ್ವಾಚಾರ್ಯರು. ತನ್ನ ಗಡ್ಡವನ್ನು ತಾನೇ ಹೆರೆದುಕೊಳ್ಳುವುದನ್ನು ಕಲಿಸಲೆಂದೇ ಪ್ಯಾರಿಸ್ಸಿನ ಚೂರಿ ತಯಾರಕ ಜಾನ್ ಜಾಕ್ ಪೆರೆ 1769ರಲ್ಲಿ ಒಂದು ಪುಸ್ತಕ ಬರೆದ. ಆದ್ದರಿಂದ ಈ ವಿಷಯದಲ್ಲಿ ಪ್ರಬಂಧ ಬರೆಯುವುದು ಹುಚ್ಚಾದರೆ ಅದು ಹಳೆಯ ಹುಚ್ಚು. ಆದರೆ ನಮ್ಮ ಶಾಸ್ತ್ರಕ್ಕೆ ಮುಖ್ಯನಾದವನು ಅಮೆರಿಕದ ಕಿಂಗ್ ಕ್ಯಾಂಪ್ ಜಿಲೆಟ್. ಈತ ರೇಜರಿಗೆ ಕೈಹಾಕುವ ಮೊದಲು ಸಮಾಜವನ್ನೇ ಹೆರೆಯಲು ಹೊರಟಿದ್ದ. 1894ರಲ್ಲಿ 'ದಿ ಹ್ಯೂಮನ್ ಡ್ರಿಫ್ಟ್' ಎಂಬ ಪುಸ್ತಕ ಬರೆದು, ಕೋಟ್ಯಂತರ ಜನ ನಯಾಗರ ಜಲಪಾತದ ಬಳಿ ಒಂದೇ ಮಹಾನಗರದಲ್ಲಿ ಬಾಳಲಿ, ಆ ನಗರಕ್ಕೆ ಬೇಕಾದ ವಿದ್ಯುತ್ತನ್ನು ಜಲಪಾತವೇ ಕೊಡಲಿ ಎಂದು ವಾದಿಸಿದ. ಮರುವರ್ಷ ಕನ್ನಡಿಯ ಮುಂದೆ ನಿಂತಾಗ ರೇಜರು ಮೊಂಡಾಗಿತ್ತು. ಬಳಸಿ ಬಿಸಾಡುವ ತೆಳು ಬ್ಲೇಡಿನ ಯೋಚನೆ ಅಲ್ಲೇ ಹೊಳೆಯಿತು. ಗಮನಿಸಬೇಕು: ಆಚಾರ್ಯನ ತಲೆಯಲ್ಲಿ ಆ ಹೊತ್ತಿಗೆ ವಿದ್ಯುತ್ತೂ ಇತ್ತು, ರೇಜರೂ ಇತ್ತು. ನಡುವೆ ಒಂದು ಕ್ಲಿಪ್ಪು ಮಾತ್ರ ಇರಲಿಲ್ಲ.

ತೆಳು ಉಕ್ಕಿಗೆ ಅಲಗು ಬರಿಸುವ ಕಷ್ಟವನ್ನು ಎಂಜಿನಿಯರ್ ವಿಲಿಯಂ ನಿಕರ್ಸನ್ ಬಗೆಹರಿಸಿದ. 1903ರಲ್ಲಿ ಮಾರಾಟವಾದದ್ದು ಬರೀ 51 ರೇಜರು, 168 ಬ್ಲೇಡು. ಮರುವರ್ಷ ರೇಜರುಗಳ ಲೆಕ್ಕ ತೊಂಬತ್ತು ಸಾವಿರ ದಾಟಿತು. ನವೆಂಬರ್ 15ಕ್ಕೆ ಪೇಟೆಂಟೂ ಕೈಸೇರಿತು. ಮೊದಲ ಮಹಾಯುದ್ಧದಲ್ಲಿ ಅಮೆರಿಕದ ಸೇನೆ 35 ಲಕ್ಷ ರೇಜರುಗಳನ್ನು ಸಿಪಾಯಿಗಳಿಗೆ ಹಂಚಿತು. ಅವರೆಲ್ಲ ದೀಪವಿಲ್ಲದ ರೇಜರಿನಲ್ಲೇ ಗಡ್ಡ ತೆಗೆದು ಯುದ್ಧ ಗೆದ್ದರು ಎಂಬುದು ನಮ್ಮ ವಾದಕ್ಕೆ ಪ್ರತಿಕೂಲವಾದ ಸಂಗತಿಯಾದ್ದರಿಂದ ಅದನ್ನು ಇಲ್ಲಿಗೇ ಬಿಡುತ್ತೇನೆ.

ಹಾಗಾದರೆ ದೀಪದ ಅಗತ್ಯ ಎಲ್ಲಿಂದ ಹುಟ್ಟಿತು? ಬಚ್ಚಲಿನಿಂದ. ಜಲಪಾತದ ಕರೆಂಟು 1896ರಲ್ಲಿ ನಯಾಗರದಿಂದ ಬಫಲೋ ಊರಿಗೆ ಹೋಯಿತು. ನಮ್ಮ ಶಿವನಸಮುದ್ರದಿಂದ 1902ರಲ್ಲಿ ಕೋಲಾರದ ಚಿನ್ನದ ಗಣಿಗೆ, 1905ರಲ್ಲಿ ಬೆಂಗಳೂರಿನ ಬೀದಿಗಳಿಗೆ ಬಂತು. ಗಣಿಗೆ ಮೊದಲು, ಬೀದಿಗೆ ಆಮೇಲೆ, ನಡುಮನೆಗೆ ಅದಕ್ಕೂ ಆಮೇಲೆ, ಬಚ್ಚಲಿಗೆ ಕಟ್ಟಕಡೆಗೆ. ಬಂದದ್ದಾದರೂ ಹೇಗೆ? ಝೀರೋ ಬಲ್ಬಾಗಿ, ಬಾಗಿಲ ಮೇಲ್ಗಡೆ, ಕನ್ನಡಿ ನೋಡುವವನ ಬೆನ್ನ ಹಿಂದೆ. ಅವನ ತಲೆಯ ನೆರಳು ಅವನ ಮುಖದ ಮೇಲೇ ಬೀಳುತ್ತದೆ. ಕನ್ನಡಿಯಲ್ಲಿ ಕಿವಿಗಳೆರಡು ಕೆಂಪಗೆ ಹೊಳೆಯುತ್ತವೆ, ಗಲ್ಲ ಕಾಣುವುದಿಲ್ಲ. ನಮ್ಮ ಹಿರಿಯರು ಈ ಬಚ್ಚಲನ್ನು ನಂಬದೆ ಜಗಲಿಯ ಕಿಟಕಿಯ ಸರಳಿಗೆ ಕನ್ನಡಿ ಸಿಕ್ಕಿಸಿ, ಚೊಂಬಿನಲ್ಲಿ ಬಿಸಿನೀರಿಟ್ಟುಕೊಂಡು, ಎಳೆಬಿಸಿಲಿಗೆ ಮುಖವೊಡ್ಡಿ ಕೂರುತ್ತಿದ್ದರು. ಬೆಳಕು ಬೀಳಬೇಕಾದ್ದು ಕನ್ನಡಿಯ ಮೇಲಲ್ಲ, ಮುಖದ ಮೇಲೆ ಎಂಬ ದೃಗ್ವಿಜ್ಞಾನದ ಮೊದಲ ಸೂತ್ರ ಅವರಿಗೆ ಪಾಠವಿಲ್ಲದೆ ತಿಳಿದಿತ್ತು.

ಕ್ಷುರದೀಪದ ಪರವಾಗಿ ಒಂದು ಬಲವಾದ ವಾದವಿದೆ. ಸವೆದ ಶಾಸನವನ್ನು ಓದುವವರು ಕಲ್ಲಿಗೆ ನೇರ ಬೆಳಕು ಬಿಡುವುದಿಲ್ಲ. ಪಕ್ಕದಿಂದ ಓರೆಯಾಗಿ ಬಿಡುತ್ತಾರೆ, ಆಗ ಅಳಿದುಳಿದ ಅಕ್ಷರದ ಅಂಚೂ ನೆರಳು ಚೆಲ್ಲಿ ಎದ್ದು ಕಾಣುತ್ತದೆ. ಗಲ್ಲವೂ ಅಂಥದೇ ಕಲ್ಲು. ಒಂದು ದಿನದ ಕೂದಲು ಮಿಲಿಮೀಟರಿನ ಅರ್ಧಕ್ಕಿಂತ ಕಡಿಮೆ. ಆದರೆ ಬೆಳಕು 10 ಡಿಗ್ರಿ ಓರೆಯಾಗಿ ಬಿದ್ದರೆ ನೆರಳು ಕೂದಲಿನ ಐದೂವರೆ ಪಟ್ಟು ಮೀರಿ ಚಾಚುತ್ತದೆ. ರೇಜರಿಗೇ ಅಂಟಿಕೊಂಡು ಚರ್ಮವನ್ನು ಸವರುತ್ತ ಸಾಗುವ ದೀಪಕ್ಕಿಂತ ಓರೆಯಾದ ಬೆಳಕು ಬೇರಾವುದಿದೆ? ಇಷ್ಟು ಹೇಳಿದಮೇಲೆ ಸಭೆ ಚಪ್ಪಾಳೆ ತಟ್ಟಬೇಕು.

ಪೂರ್ವಪಕ್ಷಿ ತಟ್ಟುವುದಿಲ್ಲ. ಸ್ವಾಮಿ, ಗಲ್ಲಕ್ಕೆ ಸೋಪು ಬಳಿದಿದ್ದೀರಲ್ಲ, ಎನ್ನುತ್ತಾನೆ. ನೊರೆ ಬೆಳ್ಳಗಿರುವುದೇ ಅದು ಬೆಳಕನ್ನೆಲ್ಲ ಚದುರಿಸಿಬಿಡುವುದರಿಂದ. ಒಳಗಿನ ಕೂದಲು ಓರೆ ಬೆಳಕಿಗೂ ಕಾಣದು, ನೇರ ಬೆಳಕಿಗೂ ಕಾಣದು. ದೀಪ ಬೆಳಗುವುದು ನೊರೆಯನ್ನು. ಅದು ದೀಪವಿಲ್ಲದೆಯೂ ಕಾಣುತ್ತಿತ್ತು. ರೇಜರು ಹಾದುಹೋದಮೇಲೆ ಬಿಟ್ಟುಹೋದ ಕೂದಲೇನೋ ಕಾಣುತ್ತದೆ. ಅದನ್ನು ತೆಗೆಯಲು ಮತ್ತೆ ನೊರೆ ಹಚ್ಚಿದರೆ ಮತ್ತೆ ಮರೆ. ಇದಕ್ಕೆ ಸಮಾಧಾನ ಹುಡುಕುತ್ತಿದ್ದೇವೆ.

ಇದಕ್ಕಿಂತ ದೊಡ್ಡ ದೋಷ ರಚನೆಯದು. ಜಿಲೆಟ್ ಮಾದರಿಯ ರೇಜರಿಗೆ ಅಲಗು ಎರಡು, ಆಚೆಗೊಂದು ಈಚೆಗೊಂದು. ಒಂದು ಕಡೆ ನೊರೆ ತುಂಬಿದಾಗ ಬೆರಳಲ್ಲೇ ಹಿಡಿಯನ್ನು ಅರ್ಧ ಸುತ್ತು ತಿರುಗಿಸಿ ಇನ್ನೊಂದು ಕಡೆಯಿಂದ ಎಳೆಯುವುದು ವಾಡಿಕೆ. ದೀಪವೂ ಜೊತೆಗೆ ತಿರುಗುತ್ತದೆ. ಮೊದಲ ಅಲಗಿನಲ್ಲಿ ಗಲ್ಲವನ್ನು ಬೆಳಗಿದ್ದು ಎರಡನೆಯದರಲ್ಲಿ ನಲ್ಲಿಯನ್ನು, ಹಲ್ಲುಜ್ಜುವ ಬ್ರಷ್ಷನ್ನು, ಕೆಲವೊಮ್ಮೆ ನೇರವಾಗಿ ಕಣ್ಣನ್ನು ಬೆಳಗುತ್ತದೆ. ಹೊಸ್ತಿಲ ಮೇಲಿನ ದೀಪ ಒಳಗೂ ಹೊರಗೂ ಬೆಳಕಾಗುವುದನ್ನು ದೇಹಲೀದೀಪ ನ್ಯಾಯ ಎಂದು ಹೊಗಳಿದ ತಾರ್ಕಿಕರು ಸೋಪಿನ ಕೈಯಲ್ಲಿ ಜಾರುವ ಕ್ಲಿಪ್ಪನ್ನು ತಿರುಗಿಸಿ ನೋಡಿರಲಿಲ್ಲ. ಸೆಲ್ಲಿನ ತೂಕ ಬೇರೆ. ಪೆನ್ಸಿಲ್ ಸೆಲ್ಲೊಂದು ಸುಮಾರು 23 ಗ್ರಾಂ. ಈ ರೇಜರಿನಲ್ಲಿ ಕೈಯೂರಬಾರದು, ರೇಜರಿನ ಭಾರಕ್ಕೇ ಅಲಗು ಸರಿಯಬೇಕು. ಭಾರ ಹೆಚ್ಚಿದರೆ ಗದ್ದದ ತಿರುವಿನಲ್ಲಿ ರಕ್ತ. ಆ ರಕ್ತ ದೀಪದ ಬೆಳಕಿನಲ್ಲಿ ಬಹಳ ಸ್ಪಷ್ಟವಾಗಿ ಕಾಣುತ್ತದೆ, ಇದನ್ನು ಗುಣದ ಪಟ್ಟಿಗೆ ಸೇರಿಸಬಹುದು.

ಧರ್ಮಶಾಸ್ತ್ರದ ತೊಡಕು ಇದೆಲ್ಲಕ್ಕಿಂತ ಕಠಿಣ. ದೀಪ ಹಚ್ಚಿದ ಮೇಲೆ ಉಗುರು ತೆಗೆಯಬಾರದು, ಕ್ಷೌರ ಕೂಡದು ಎಂಬುದು ನಮ್ಮ ಮನೆಮನೆಯ ನಿಯಮ. ಈ ಯಂತ್ರದಲ್ಲಾದರೋ ದೀಪ ಹಚ್ಚದೆ ಕ್ಷೌರವಿಲ್ಲ, ಹಚ್ಚಿದರೆ ಕ್ಷೌರ ನಿಷಿದ್ಧ. ಗುಂಡಿ ಒತ್ತಿದ ಗಳಿಗೆಯಲ್ಲೇ ಯಂತ್ರ ತನ್ನ ಅಧಿಕಾರವನ್ನು ತಾನೇ ಕಳೆದುಕೊಳ್ಳುತ್ತದೆ. ಮಂದ ಬೆಳಕಿನಲ್ಲಿ ಕೈ ಕೊಯ್ದುಕೊಂಡಾರೆಂದು ಹಿರಿಯರು ಹಾಗೆ ಹೇಳಿದರು, ಬೆಳಕಿದ್ದಮೇಲೆ ನಿಷೇಧವೇಕೆ ಎಂದು ಸುಧಾರಕರು ಕೇಳುತ್ತಾರೆ. ಅಜ್ಜಿಯ ಮುಂದೆ ಈ ವಾದ ನಿಲ್ಲುವುದಿಲ್ಲ. ನಾನು ಸೂಚಿಸುವ ಮಾರ್ಗ ಇದು: ಮೊದಲ ಎಳೆತವನ್ನು ಕತ್ತಲಲ್ಲೇ ಎಳೆದುಬಿಡಬೇಕು. ಕೈಗೊಂಡ ಕರ್ಮವನ್ನು ಅರ್ಧಕ್ಕೆ ಬಿಡಬಾರದು ಎಂಬ ನಿಯಮ ಆಮೇಲೆ ಕಾಪಾಡುತ್ತದೆ. ಆಗ ಗುಂಡಿ ಒತ್ತಬಹುದು. ಮೀಸೆಯಿರುವವರು ಮೊದಲ ಎಳೆತಕ್ಕೆ ಮೂಗಿನ ಕೆಳಗಿನ ಜಾಗ ಆರಿಸಿಕೊಳ್ಳದಿರುವುದು ಕ್ಷೇಮ.

ಪ್ರಮಾಣ ವಿಚಾರವನ್ನೂ ಮುಟ್ಟಿಬಿಡುತ್ತೇನೆ. ಗಡ್ಡ ಹೋಗಿದೆಯೆಂದು ತಿಳಿಯುವುದು ಹೇಗೆ? ಕಣ್ಣಿನಿಂದ ಎಂಬುದು ದೀಪ ಮಾರುವವರ ಮತ. ವಾಸ್ತವದಲ್ಲಿ ಎಡಗೈ ಬೆರಳು ಗಲ್ಲವನ್ನು ತಡವಿ ಹೇಳುತ್ತದೆ, ಅಲಗಿನ ಕರಕರ ಸದ್ದು ನಿಂತಾಗ ಕಿವಿ ಹೇಳುತ್ತದೆ. ಇವೆರಡೂ ಒಪ್ಪಿ ಸೈ ಎಂದಮೇಲೆ, ಕಾಫಿ ತಂದಿಟ್ಟ ಮನೆಯಾಕೆ "ರೀ, ಬಲಗಿವಿ ಕೆಳಗೆ ಒಂದು ಸಾಲು ಹಾಗೇ ಇದೆ" ಎನ್ನುತ್ತಾಳೆ. ಈ ಆಪ್ತವಾಕ್ಯದ ಮುಂದೆ ಉಳಿದ ಪ್ರಮಾಣಗಳೆಲ್ಲ ಬಿದ್ದುಹೋಗುತ್ತವೆ.

ಈಗ ಸಿದ್ಧಾಂತ. ಇದುವರೆಗಿನವರೆಲ್ಲ ದೀಪವನ್ನೇ ದಿಟ್ಟಿಸುತ್ತ ಕ್ಲಿಪ್ಪನ್ನು ಕಡೆಗಣಿಸಿದರು. ಸಿಕ್ಕಿಸುವಂಥದ್ದು ಎಂದರೆ ಕಳಚಬಹುದಾದದ್ದು. ಕ್ಷುರದೀಪವನ್ನು ರೇಜರಿನಿಂದ ಕಳಚಿ ಕನ್ನಡಿಯ ಚೌಕಟ್ಟಿಗೆ ಸಿಕ್ಕಿಸಿ, ಬಲ್ಬನ್ನು ಮುಖದತ್ತ ತಿರುಗಿಸಿದರೆ ಸೆಲ್ಲಿನ ಭಾರ ಕೈಗಿಲ್ಲ, ರೇಜರನ್ನು ಮಗ್ಗಿನಲ್ಲಿ ಅದ್ದಿದರೆ ಬಲ್ಬು ಮುಳುಗುವುದಿಲ್ಲ, ಎರಡೂ ಅಲಗಿಗೆ ಸಮಾನ ಬೆಳಕು. ಬ್ಲೇಡು ಜಾರಿ ಬಚ್ಚಲ ಮೂಲೆಗೆ ಬಿದ್ದರೆ ಹುಡುಕಲೂ ಆದೀತು. ಹಾಗಾದರೆ ಅದು ಕನ್ನಡಿಯ ದೀಪವಾಯಿತೇ ಹೊರತು ರೇಜರಿನ ದೀಪವಲ್ಲ, ನಿಮ್ಮ ಪ್ರಬಂಧದ ವಿಷಯವೇ ಕೈಬಿಟ್ಟುಹೋಯಿತು ಎಂದು ಪೂರ್ವಪಕ್ಷಿ ಹಿಂದಿನ ಬೆಂಚಿನಿಂದ ಕೂಗುತ್ತಿದ್ದಾನೆ. ಅವನ ಆಕ್ಷೇಪ ಸರಿಯಾಗಿದೆ. ಕನ್ನಡಿದೀಪಕ್ಕೆ ಬೇರೆಯೇ ಒಂದು ಮಹಾಪ್ರಬಂಧ ಬೇಕಾಗುತ್ತದೆ. ಅನುದಾನದ ಅರ್ಜಿ ಬರೆದಾಗಿದೆ, ಮಾರ್ಗದರ್ಶಕರ ಸಹಿಯೊಂದು ಬಾಕಿ. ಅವರು ಈಚೆಗೆ ಗಡ್ಡ ಬಿಟ್ಟಿದ್ದಾರೆ.