ಐಗಳಿ ಸೀಮೆಯಲ್ಲಿ ವರ್ಷಾರಂಭದ ಆತ್ಮಾವಲೋಕನ ಮತ್ತು ವಿಶ್ರಾಂತಿ: ಒಂದು ಶಾಸ್ತ್ರೀಯ ವಿವೇಚನೆ

ವರ್ಷಾರಂಭದ ಆತ್ಮಾವಲೋಕನವೆಂದರೆ ಕಳೆದ ವರ್ಷದ ತಪ್ಪುಗಳನ್ನು ಮೆತ್ತಗೆ ನೆನೆದು, ಮೈಮನಸ್ಸಿಗೆ ತುಸು ಬಿಡುವು ಕೊಟ್ಟು, ಬರುವ ವರ್ಷಕ್ಕೆ ಅಣಿಯಾಗುವ ಕ್ರಿಯೆ. ಇದರ ಅಂಗಗಳು ಮೂರು: ವರ್ಷಾರಂಭ, ಆತ್ಮ, ಬಿಡುವು. ಅಥಣಿ ತಾಲ್ಲೂಕಿನ ಐಗಳಿಯಲ್ಲಿ ಮೊದಲನೆಯದು ಬೇಕಾದುದಕ್ಕಿಂತ ಹೆಚ್ಚಿದೆ, ಎರಡನೆಯದು ಊರ ಒಡೆತನದಲ್ಲಿದೆ, ಮೂರನೆಯದು ದ್ರಾಕ್ಷಿ ಬಳ್ಳಿಗೆ ಮೀಸಲು.

ವರ್ಷಾರಂಭಗಳಲ್ಲಿ ಮೊದಲನೆಯದಾದ ಜನವರಿ 1 ಅಷ್ಟೇನೂ ಹಳೆಯದಲ್ಲ. ಇಂಗ್ಲೆಂಡಿನವರೇ 1752ರವರೆಗೆ ಮಾರ್ಚ್ 25ಕ್ಕೆ, ಅಂದರೆ ಹೆಚ್ಚುಕಡಿಮೆ ಯುಗಾದಿಯ ಸುಮಾರಿಗೆ ವರ್ಷ ಎಣಿಸುತ್ತಿದ್ದರು. ಆದ್ದರಿಂದ ಐಗಳಿಯ ಹಿರಿಯರು ಜನವರಿಯ ಹೊಸ ವರ್ಷವನ್ನು ‘ಇತ್ತಿತ್ಲಾಗಿನ ಹುಚ್ಚಾಟ’ ಎಂದರೆ ಆ ಮಾತಿಗೆ ಐತಿಹಾಸಿಕ ಆಧಾರವುಂಟು. ಎರಡನೆಯದು ಚೈತ್ರ ಶುದ್ಧ ಪಾಡ್ಯ. ಶಾಲಿವಾಹನ ಶಕೆ ತಿರುಗುವುದು ಆಗ. ಸರ್ಕಾರವೂ 1957ರಲ್ಲಿ ಮಾರ್ಚ್ 22ಕ್ಕೆ ತನ್ನದೇ ಒಂದು ಚೈತ್ರವನ್ನು ಆರಂಭಿಸಿತು, ಆದರೆ ಆ ದಿನ ಯಾರ ಮನೆಯಲ್ಲೂ ಹೋಳಿಗೆ ಬೇಯುವುದಿಲ್ಲ. ನಂತರದ್ದು ಏಪ್ರಿಲ್ 1ರ ಆರ್ಥಿಕ ವರ್ಷ, 1867ರಲ್ಲಿ ಬ್ರಿಟಿಷರು ಗೊತ್ತುಮಾಡಿದ್ದು. ಬೇರೆಲ್ಲ ವರ್ಷಾರಂಭಗಳಿಗಿಂತ ಗಾಢವಾದ ಚಿಂತನೆಗೆ ಹಚ್ಚುವುದು ಇದೇ, ಏಕೆಂದರೆ ಅದಕ್ಕೆ ಮೊದಲು ಪಿಕೆಪಿಎಸ್, ಅಂದರೆ ಪ್ರಾಥಮಿಕ ಕೃಷಿ ಪತ್ತಿನ ಸಹಕಾರಿ ಸಂಘದ ಸಾಲ ತುಂಬಿ ಹೊಸದು ಎತ್ತಬೇಕು. 2025ರಲ್ಲಿ ಯುಗಾದಿ ಮಾರ್ಚ್ 30ಕ್ಕೆ ಬಂದು, ಮರುದಿನವೇ ಆರ್ಥಿಕ ವರ್ಷ ಮುಗಿಯಿತು. ಬೇವು ಬೆಲ್ಲಗಳ ಅನುಪಾತ ಆ ವರ್ಷ ಬೇವಿನ ಕಡೆಗೆ ವಾಲಿತ್ತೆಂದು ಬೇರೆ ಹೇಳಬೇಕಿಲ್ಲ. ದೀಪಾವಳಿಗೆ ಅಂಗಡಿಕಾರರು ಹೊಸ ಖಾತೆ ಪುಸ್ತಕಕ್ಕೆ ಪೂಜೆ ಮಾಡುತ್ತಾರೆ. ಇನ್ನು ಕಾರ್ಖಾನೆಗಳ ಸಕ್ಕರೆ ವರ್ಷ ಶುರುವಾಗುವುದು ಅಕ್ಟೋಬರ್ 1ಕ್ಕೆ. 1939ರಲ್ಲಿ ಉಗಾರದ ಸಕ್ಕರೆ ಕಂಪನಿ ಹುಟ್ಟಿದ ಈ ಸೀಮೆಯಲ್ಲಿ ಅದನ್ನು ಕಡೆಗಣಿಸುವಂತಿಲ್ಲ.

ಆತ್ಮದ ವಿಚಾರ ತುಸು ಜಟಿಲ. ಮನುಷ್ಯ ಪರರ ಗೊಡವೆ ಬಿಟ್ಟು ತನ್ನನ್ನು ತಾನು ನೋಡಿಕೊಳ್ಳಬೇಕೆಂಬುದು 12ನೇ ಶತಮಾನದ ಶರಣರ ಮತ. ಐಗಳಿ ಸೀಮೆ ಈ ಮತವನ್ನು ಪೂರ್ಣ ಶ್ರದ್ಧೆಯಿಂದ ಒಪ್ಪಿ, ಒಂದೇ ಒಂದು ತಿದ್ದುಪಡಿಯೊಂದಿಗೆ ಪಾಲಿಸುತ್ತದೆ: ಒಬ್ಬನ ಆತ್ಮವನ್ನು ಇನ್ನೊಬ್ಬನು ಅವಲೋಕಿಸುವುದು. ಸ್ಥಳ ಗುಡಿಯ ಕಟ್ಟೆ, ಕಾಲ ದನದ ಹಾಲು ಹಿಂಡಿದ ಮೇಲೆ. ಪ್ರತಿ ಗೋಷ್ಠಿಗೂ ನಾಂದಿಯುಂಟು: “ನಮಗ್ಯಾಕ ಬೇಕ್ರಿ ಮಂದಿ ಉಸಾಬರಿ.” ಇದನ್ನು ಹೇಳದೆ ಯಾರ ಉಸಾಬರಿಯನ್ನೂ ಮಾಡುವಂತಿಲ್ಲ. ಆಮೇಲೆ ವಿಷಯ ಪ್ರವೇಶ: “ಹೋದ ವರ್ಷ ಔಷಧಿ ಹೊಡಿಯೋ ಬ್ಲೋವರ್ ತಂದ, ಈ ವರ್ಷ ಅದರ ಕಂತು ಕಟ್ಟಾಕ ಹೊಲಾನ ಲಾವಣಿ ಹಾಕ್ಯಾನ.” ಪರಿಶೀಲನೆಗೆ ಒಳಗಾಗುವವನು ಗೈರುಹಾಜರಿರುವುದು ಕಡ್ಡಾಯ, ಅವನಿದ್ದರೆ ಸತ್ಯಕ್ಕೆ ದಾಕ್ಷಿಣ್ಯ ಅಡ್ಡ ಬರುತ್ತದೆ. ಮೊದಲು ಎದ್ದು ಹೋದವನೇ ಮುಂದಿನ ವಿಷಯವಾಗುವುದರಿಂದ ಗೋಷ್ಠಿಗಳು ದೀರ್ಘವಾಗುತ್ತವೆ.

ಯುಗಾದಿಯಂದು ಈ ಹೊಣೆ ಪಂಚಾಂಗಕ್ಕೆ ವರ್ಗವಾಗುತ್ತದೆ. ಪಂಚಾಂಗ ಶ್ರವಣದಲ್ಲಿ ಪ್ರತಿ ರಾಶಿಗೂ ಆಯವೆಷ್ಟು, ವ್ಯಯವೆಷ್ಟು ಎಂದು ಓದಿ ಹೇಳುವುದರಿಂದ ಊರಿನ ಎಲ್ಲ ಆತ್ಮಗಳೂ 12 ಕಂತೆಗಳಲ್ಲಿ ಒಂದೇ ಸಂಜೆಗೆ ಮುಗಿದುಹೋಗುತ್ತವೆ. ವ್ಯಯ ಹೆಚ್ಚಿದ್ದವನು ಗ್ರಹಗಳನ್ನು ದೂರುತ್ತಾನೆ, ಆಯ ಹೆಚ್ಚಿದ್ದವನು ಸಾಲ ಕೊಟ್ಟವರಿಗೆ ಕೇಳಿಸದಿರಲೆಂದು ಕೆಮ್ಮುತ್ತಾನೆ.

ಬಿಡುವಿನ ಪ್ರಕರಣಕ್ಕೆ ದ್ರಾಕ್ಷಿಯ ದಿನಚರಿ ತಿಳಿದಿರಬೇಕು. ಅಕ್ಟೋಬರ್ ಚಾಟ್ನಿಯಾದ, ಅಂದರೆ ಬಳ್ಳಿ ಸವರಿದ ದ್ರಾಕ್ಷಿ ಪಡ ಜನವರಿಗೆ ಕಾಯಿ ತುಂಬಿಕೊಂಡು ನಿಂತಿರುತ್ತದೆ. ಜಗತ್ತು ಹೊಸ ವರ್ಷದ ಬೆಳಗನ್ನು ಕಣ್ಣು ಮುಚ್ಚಿ ಸ್ವಾಗತಿಸುವಾಗ ಬೆಳೆಗಾರ ಕಣ್ಣು ತೆರೆದು ಮಂಜು ನೋಡುತ್ತಾನೆ. ಮಂಜು ಬಿದ್ದರೆ ದಾವಣಿ ರೋಗ, ರೋಗಕ್ಕೆ ಔಷಧಿ, ಔಷಧಿಗೆ ಮತ್ತೆ ಅಂಗಡಿಯ ಉದ್ರಿ. ಯುಗಾದಿಯ ಹೊತ್ತಿಗೆ ಗೊನೆಗಳು ಶೆಡ್ಡಿನ ಬಲೆಯ ಮೇಲೆ ಒಣಗುತ್ತಿರುತ್ತವೆ. ಸುಮಾರು 4 ಕಿಲೊ ಹಣ್ಣಿಗೆ 1 ಕಿಲೊ ಒಣದ್ರಾಕ್ಷಿ. ಆಗೊಂದು ಅಕಾಲ ಮಳೆ ಬಂದರೆ ಬಣ್ಣ ಕೆಡುತ್ತದೆ, ಬಣ್ಣ ಕೆಟ್ಟರೆ ತಾಸಗಾಂವ ಪೇಟೆಯಲ್ಲಿ ದರ ಕೆಡುತ್ತದೆ. ಹೀಗಾಗಿ ನಾಲ್ಕು ದ್ರಾಕ್ಷಿ ತೇಲುವ ಬೇವಿನ ಪಾನಕವನ್ನು ಮನೆಯ ಯಜಮಾನ ಒಂದು ಕಣ್ಣು ಮೋಡದ ಮೇಲಿಟ್ಟೇ ಕುಡಿಯುತ್ತಾನೆ. ಕೊಯ್ಲು ಮುಗಿದ ಮೇಲೆ ಏಪ್ರಿಲ್ ಚಾಟ್ನಿಯವರೆಗೆ ಬಳ್ಳಿಗೆ ವಿಶ್ರಾಂತಿ ಕೊಡಬೇಕೆಂದು ಕೃಷಿಶಾಸ್ತ್ರ ಸ್ಪಷ್ಟವಾಗಿ ವಿಧಿಸಿದೆ. ಬೆಳೆಗಾರನ ಬಗ್ಗೆ ಅದೇ ಶಾಸ್ತ್ರ ಮೌನವಾಗಿದೆ.

ಮನುಷ್ಯರಿಗೆ ವಿಶ್ರಾಂತಿ ಇಲ್ಲವೇ ಇಲ್ಲವೆನ್ನುವುದು ಅತಿಶಯೋಕ್ತಿ. ಅದು ವೇಷ ಮರೆಸಿಕೊಂಡು ಬರುತ್ತದೆ, ಅಷ್ಟೆ. ಬಾವಿಯ ದಂಡೆಯಲ್ಲಿ ಮಲಗಿದವನು ‘ಥ್ರೀ ಫೇಸ್ ಕರೆಂಟಿನ ದಾರಿ ಕಾಯುತ್ತಿದ್ದಾನೆ’. ಕಾರ್ಖಾನೆಯ ಗೇಟಿನ ಮುಂದೆ ಕಬ್ಬಿನ ಟ್ರ್ಯಾಕ್ಟರಿನಡಿ ಗೊರಕೆ ಹೊಡೆಯುವವನು ‘ಪಾಳಿಯಲ್ಲಿದ್ದಾನೆ’. ಸುಮ್ಮನೆ ಕೂತಿದ್ದೇನೆಂದು ಒಪ್ಪಿಕೊಂಡವನಿಗೆ ಮಾತ್ರ ಯಾರಾದರೂ ತಕ್ಷಣ ಕೆಲಸ ಹಚ್ಚುತ್ತಾರೆ.

ವೇಷವಿಲ್ಲದ ವಿಶ್ರಾಂತಿಯ ಏಕೈಕ ದಾಖಲೆ ಎಳ್ಳಮಾಸಿ, ಅಂದರೆ ಎಳ್ಳು ಅಮಾವಾಸ್ಯೆ. ಅದು ಜನವರಿ 1ರ ಆಚೀಚೆ ಬರುತ್ತದೆ. 2024ರಲ್ಲಿ ಡಿಸೆಂಬರ್ 30ಕ್ಕೆ ಬಂದಿತ್ತು. ಅಂದು ಊರಿಗೆ ಊರೇ ಎರಿ ಹೊಲಕ್ಕೆ ಹೋಗಿ, ಬಿಳಿಜೋಳದ ಬೆಳೆಗೆ ಚರಗ ಚೆಲ್ಲಿ, ಸಜ್ಜಿ ರೊಟ್ಟಿ, ಶೇಂಗಾ ಹೋಳಿಗೆ, ಎಣಗಾಯಿ ಉಂಡು ಗಿಡದ ನೆರಳಿಗೆ ಒರಗುತ್ತದೆ. ಆ ನಿದ್ದೆಗೆ ಕಾರಣ ಕೇಳುವ ಪದ್ಧತಿಯಿಲ್ಲ. ಇಲ್ಲಿ ‘ಊರು’ ಎಂದರೆ ಅದರ ಗಂಡಸರು ಎಂದು ತಿಳಿಯತಕ್ಕದ್ದು. ಹೆಂಗಸರು ಹಿಂದಿನ ದಿನದಿಂದ ರೊಟ್ಟಿ ಬಡಿದು, ನಸುಕಿನಲ್ಲೆದ್ದು ಬುತ್ತಿ ಕಟ್ಟಿ, ಊಟಕ್ಕೆ ಬಡಿಸಿ, ಉಳಿದದ್ದನ್ನು ಗಂಟು ಕಟ್ಟುವ ಹೊತ್ತಿಗೆ ಗಂಡಸರು ನಿದ್ದೆ ಮುಗಿಸಿ ಚಹಾ ಕೇಳುತ್ತಿರುತ್ತಾರೆ. ವರ್ಷಾರಂಭದ ವಿಶ್ರಾಂತಿಯ ಬಗ್ಗೆ ಬರೆದವರೆಲ್ಲ ಮಲಗಿದವರ ಕಡೆಯಿಂದಲೇ ಬರೆದಿದ್ದಾರೆ. ಈ ಪ್ರಬಂಧವೂ ಆ ಪರಂಪರೆಗೆ ಹೊರತಲ್ಲ.

ಕೊನೆಯದಾಗಿ ಸಂಕಲ್ಪ. ಸಮೃದ್ಧ ವರ್ಷಾರಂಭಗಳ ನಿಜವಾದ ಉಪಯೋಗ ಕಾಣುವುದು ಇಲ್ಲಿ. ಜನವರಿ 1ಕ್ಕೆ ತಂಬಾಕು ಬಿಡುವೆನೆಂದವನು ಅಂದೇ ಸಂಜೆ ‘ಇದು ನಮ್ಮ ಹೊಸ ವರ್ಷ ಅಲ್ಲ’ ಎಂಬ ಸಾಂಸ್ಕೃತಿಕ ನಿಲುವಿಗೆ ಬರುತ್ತಾನೆ. ಯುಗಾದಿಗೆ ಬೀಗರು ಬಂದಿರುತ್ತಾರೆ, ಅವರ ಮುಂದೆ ಚೀಲ ಬಿಚ್ಚದಿದ್ದರೆ ಮರ್ಯಾದೆಯಲ್ಲ. ಏಪ್ರಿಲ್ 1ರ ಸಂಕಲ್ಪವನ್ನು ಆ ತಾರೀಖಿನ ಕಾರಣಕ್ಕೇ ಯಾರೂ ನಂಬುವುದಿಲ್ಲ. ದೀಪಾವಳಿ ಪಾಡ್ಯಕ್ಕೆ ಅಂಗಡಿಯ ಹಳೆಯ ಬಾಕಿ ಹೊಸ ಪುಸ್ತಕಕ್ಕೆ ಏರುವುದನ್ನು ನೋಡಿದ ಮೇಲೆ ಒಂದು ಚಿಟಿಕೆ ಬೇಕೇ ಬೇಕು. ಅಕ್ಟೋಬರ್ 1ರ ಸಕ್ಕರೆ ವರ್ಷವನ್ನು ಈ ಕಾರ್ಯಕ್ಕೆ ಬಳಸಿದ ಉದಾಹರಣೆ ಸಿಕ್ಕಿಲ್ಲ. ಆಗ ಚಾಟ್ನಿ ಇರುತ್ತದೆ.