ನಿದ್ರಾಸನ

ಬೆಳಗಿನ ಜಾವ 3 ಗಂಟೆ 12 ನಿಮಿಷಕ್ಕೆ ನಮ್ಮ ಅಪಾರ್ಟ್‌ಮೆಂಟಿನ ವಾಟ್ಸ್ಯಾಪ್ ಗ್ರೂಪಿಗೆ ಒಂದು ಫೋಟೊ ಬಂತು. ಗೇಟಿನ ಪಕ್ಕ ಪ್ಲಾಸ್ಟಿಕ್ ಕುರ್ಚಿ, ಕುರ್ಚಿಯಲ್ಲಿ ವಾಚ್‌ಮನ್, ಮಂಕಿ ಕ್ಯಾಪು, ಎದೆಗೆ ಅಂಟಿದ ಗದ್ದ, ಕಾಲ ಬುಡದಲ್ಲಿ ಮಗುಚಿದ ಟೀ ಲೋಟ. ಕೆಳಗೆ ಒಕ್ಕಣೆ: ‘ನಾವು ಮೇಂಟೆನೆನ್ಸ್ ಕಟ್ಟೋದು ಇದಕ್ಕಾ?’ ನಿಮಿಷದೊಳಗೆ ಹನ್ನೊಂದು ಜನ ಕೆಂಪು ಸಿಟ್ಟಿನ ಮುಖ ಒತ್ತಿದರು. ಅಂದರೆ ಆ ಹೊತ್ತಿನಲ್ಲಿ ಕಟ್ಟಡದ ಹನ್ನೆರಡು ಮಂದಿ ಕಣ್ಣು ಬಿಟ್ಟುಕೊಂಡಿದ್ದರು. ಸಂಬಳ ಕೊಟ್ಟು ಎಚ್ಚರಕ್ಕೆ ಇಟ್ಟುಕೊಂಡವನೊಬ್ಬ ಮಾತ್ರ ಮಲಗಿದ್ದ. (ಹದಿಮೂರನೆಯವನು ನಾನು. ಒತ್ತಲಿಲ್ಲ, ನೋಡಿದೆ.) ಇಷ್ಟು ಜನ ಪುಕ್ಕಟೆ ಕಾವಲಿರುವಾಗ ವಾಚ್‌ಮನ್ ಯಾಕೆ ಎಂದು ಕೇಳಬಹುದಿತ್ತು. ಕೇಳಿದರೆ ನನ್ನನ್ನೇ ಗೇಟಿಗೆ ಕೂರಿಸಿಯಾರೆಂದು ಸುಮ್ಮನಾದೆ.

ಫೋಟೊ ತೆಗೆದವರು ಎರಡನೇ ಮಹಡಿಯವರು. ಅವರ ಹಾಸಿಗೆಯ ಬೆಲೆ ವಾಚ್‌ಮನ್ನಿನ ಮೂರು ತಿಂಗಳ ಸಂಬಳ. ಕೈಯಲ್ಲಿ ನಿದ್ದೆಗೆ ಅಂಕ ಕೊಡುವ ಗಡಿಯಾರ; ಅಂಥದ್ದೊಂದನ್ನು ಮಗಳು ನನಗೂ ಕಟ್ಟಿದ್ದಾಳೆ. ಹಿಂದಿನ ರಾತ್ರಿ ಅವರಿಗೆ ನೂರಕ್ಕೆ 58 ಬಂದಿತ್ತಂತೆ. ಹೀಗಾದರೆ ಗತಿಯೇನೆಂದು ಯೋಚಿಸುತ್ತ ಈ ರಾತ್ರಿ ನಿದ್ದೆಯೇ ಹತ್ತಲಿಲ್ಲ. ಬಾಲ್ಕನಿಗೆ ಬಂದು ನೋಡಿದರೆ ಕೆಳಗೊಬ್ಬ ಇನ್ನೂರೈವತ್ತು ರೂಪಾಯಿಯ ಕುರ್ಚಿಯಲ್ಲಿ ಫಸ್ಟ್ ರ‍್ಯಾಂಕ್ ತೆಗೆಯುತ್ತಿದ್ದಾನೆ. ಹೊಟ್ಟೆ ಉರಿಯದೇ ಇರುತ್ತದೆಯೇ?

ಚಿಂತೆ ಇಲ್ಲದವನಿಗೆ ಸಂತೆಯಲ್ಲೂ ನಿದ್ದೆ ಎಂದ ಹಿರಿಯರಿಗೆ ಡಬಲ್ ಡ್ಯೂಟಿ ಗೊತ್ತಿರಲಿಲ್ಲ. ನಮ್ಮ ವಾಚ್‌ಮನ್‌ಗೆ ಚಿಂತೆ ಮೂಟೆಗಟ್ಟಲೆ ಇದೆ. ರಾತ್ರಿ ಎಂಟರಿಂದ ಬೆಳಿಗ್ಗೆ ಎಂಟು ಇಲ್ಲಿ. ಒಂಬತ್ತರಿಂದ ಮೂರು ಪಕ್ಕದ ಬೀದಿಯ ಗೋಡೌನಿನಲ್ಲಿ. ವಾರಕ್ಕೆ 90 ಗಂಟೆ ದುಡಿಯಬೇಕು, ಭಾನುವಾರವೂ ಬರಬೇಕು ಎಂದು ಎಲ್ ಅಂಡ್ ಟಿ ಅಧ್ಯಕ್ಷರು ಆಡಿದ ಮಾತು 2025ರ ಜನವರಿಯಲ್ಲಿ ದೇಶದಲ್ಲೆಲ್ಲ ಗದ್ದಲ ಎಬ್ಬಿಸಿತಲ್ಲ, ಈತನ 90 ಶುಕ್ರವಾರಕ್ಕೇ ಮುಗಿಯುತ್ತದೆ. ಆದರೂ ದೇಶ ಕಟ್ಟುವುದು ಹೇಗೆಂದು ಯಾರೂ ಈತನನ್ನು ಭಾಷಣಕ್ಕೆ ಕರೆದಿಲ್ಲ.

ವಯಸ್ಕರಿಗೆ ದಿನಕ್ಕೆ ಏಳು ಗಂಟೆಯಾದರೂ ನಿದ್ದೆ ಬೇಕು, ತಪ್ಪಿದರೆ ಬಿಪಿ, ಶುಗರ್, ಮರೆವು ಎಂದು ಡಾಕ್ಟರುಗಳು ಹೇಳುತ್ತಲೇ ಇದ್ದಾರೆ, ನಾವು ರಾತ್ರಿ ಒಂದು ಗಂಟೆಯವರೆಗೆ ಎದ್ದಿದ್ದು ಅದರ ವಿಡಿಯೊ ನೋಡುತ್ತಲೇ ಇದ್ದೇವೆ. ನನಗೆ ತಮಾಷೆ ಅನ್ನಿಸುವುದು ಬೇರೆ ಲೆಕ್ಕ. ಒಂದೇ ಸಮನೆ 17 ಗಂಟೆ ಎಚ್ಚರ ಇದ್ದವನ ಕೈಕಾಲು, ಬುದ್ಧಿ 100 ಮಿಲಿಲೀಟರ್ ರಕ್ತದಲ್ಲಿ 50 ಮಿಲಿಗ್ರಾಂ ಮದ್ಯ ಇದ್ದವನಷ್ಟೇ ಮಂದವಾಗುತ್ತವೆ. ನಮ್ಮಲ್ಲಿ ವಾಹನ ಓಡಿಸುವವರಿಗೆ ಕಾನೂನಿನ ಮಿತಿ 30. ಬಾಯಿಗೆ ಯಂತ್ರ ಹಿಡಿದು ಊದಿಸುವ ಪೊಲೀಸರು, ‘ನಿನ್ನೆ ಎಷ್ಟೊತ್ತು ಮಲಗಿದ್ದೆಯಪ್ಪ?’ ಎಂದು ಕೇಳಿದ್ದು ಯಾರಿಗಾದರೂ ನೆನಪಿದೆಯೇ? ಕೇಳಲು ಹೋದರೆ ಮೊದಲು ಅವರೇ ಊದಬೇಕಾದೀತು.

ಇನ್ನು ಕುಂಭಕರ್ಣ. ಪಾಪ, ಇಂದ್ರಾಸನ ಕೇಳಲು ಹೋಗಿ ನಾಲಿಗೆ ಹೊರಳಿ ನಿದ್ರಾಸನ ಕೇಳಿದ. ನಮ್ಮ ಶಾಸಕರಿಗೆ ನಾಲಿಗೆ ಹೊರಳಿಸುವ ಶ್ರಮವೂ ಇಲ್ಲ. ಆಸನ ತಾನಾಗಿ ಬರುತ್ತದೆ. 2025ರ ಬಜೆಟ್ ಅಧಿವೇಶನಕ್ಕೆ ಮುಂಚೆ, ಊಟವಾದ ಮೇಲೆ ಸದಸ್ಯರು ಸದನ ಬಿಟ್ಟು ಹೋಗದಿರಲಿ ಎಂದು ಸ್ಪೀಕರ್ ಖಾದರ್ ಅವರು ವಿಧಾನಸೌಧದ ಮೊಗಸಾಲೆಗೆ 15 ರಿಕ್ಲೈನರ್‌ಗಳನ್ನು ಬಾಡಿಗೆಗೆ ತರಿಸುವ ಯೋಜನೆ ಮುಂದಿಟ್ಟರು. ಸದನದೊಳಗೇ ಸೊಗಸಾಗಿ ನಿದ್ದೆ ಬರುವವರಿಗೆ ಹೊರಗೆ ಬೇರೆ ಏರ್ಪಾಡು ಯಾಕೆ ಎಂದು ಕುಹಕಿಗಳು ಕೇಳಿದ್ದುಂಟು.

ಅದೇ ವರ್ಷದ ಫೆಬ್ರುವರಿಯಲ್ಲಿ ಹೈಕೋರ್ಟಿನಲ್ಲಿ ಇನ್ನೊಂದು ನಿದ್ದೆಯ ವಿಚಾರಣೆ ಮುಗಿಯಿತು. ಕಲ್ಯಾಣ ಕರ್ನಾಟಕ ರಸ್ತೆ ಸಾರಿಗೆ ನಿಗಮದ ಕಾನ್‌ಸ್ಟೇಬಲ್ ಒಬ್ಬರಿಗೆ 60 ದಿನ ದಿನಕ್ಕೆ 16 ಗಂಟೆಯಂತೆ ಡಬಲ್ ಶಿಫ್ಟ್. ಒಂದು ದಿನ ಡ್ಯೂಟಿಯಲ್ಲೇ ಕಣ್ಣು ಮುಚ್ಚಿದರು. ಯಾರೋ ವಿಡಿಯೊ ಮಾಡಿ ಹರಿಬಿಟ್ಟರು. ನಿಗಮದ ಮಾನ ಹೋಯಿತೆಂದು ಸಸ್ಪೆಂಡ್. 60 ದಿನ ಹೋಗದ ಮಾನ ಆ ಹತ್ತು ನಿಮಿಷದಲ್ಲಿ ಹೋಗಿಬಿಟ್ಟಿತು! ನ್ಯಾಯಮೂರ್ತಿ ಎಂ. ನಾಗಪ್ರಸನ್ನ ಅವರು ಅಮಾನತು ಆದೇಶ ರದ್ದು ಮಾಡಿ, ತಪ್ಪು ನಿಗಮದ್ದೇ ಎಂದರು. ನಿದ್ದೆ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟು 2012ರಲ್ಲೇ ರಾಮಲೀಲಾ ಮೈದಾನದ ಪ್ರಕರಣದಲ್ಲಿ ಹೇಳಿತ್ತು. ಆ ಹಕ್ಕು ಶಾಸಕರಿಗೆ ಊಟದ ಜೊತೆ ಬರುತ್ತದೆ, ಕಾನ್‌ಸ್ಟೇಬಲ್‌ಗೆ ವಕೀಲರನ್ನು ಇಟ್ಟ ಮೇಲೆ.

ನಮ್ಮ ಅಪಾರ್ಟ್‌ಮೆಂಟ್ ಕಮಿಟಿ ಕೋರ್ಟು ಕಚೇರಿ ತನಕ ಹೋಗಲಿಲ್ಲ, ಬಿಡಿ. ಭಾನುವಾರ ಸಭೆ ಸೇರಿ, ಉಪ್ಪಿಟ್ಟು ತಿಂದು, ಪ್ಲಾಸ್ಟಿಕ್ ಕುರ್ಚಿ ತೆಗೆದು ಬೆನ್ನು ಒರಗಲು ಬಾರದ ಸ್ಟೂಲ್ ಹಾಕಿಸಿತು. ಗೇಟಿನ ಮೇಲೆ ಹೊಸ ಕ್ಯಾಮೆರಾ. ಎಲ್ಲರೂ ಬೇಗ ಬೇಗ ಕೈಯೆತ್ತಿ ಎದ್ದರು, ಮಧ್ಯಾಹ್ನದ ನಿದ್ದೆಯ ಹೊತ್ತಾಗಿತ್ತು.

ಮಾರನೆಯ ಬೆಳಿಗ್ಗೆ ಹಾಲಿಗೆ ಹೊರಟಾಗ ವಾಚ್‌ಮನ್ ಸ್ಟೂಲಿನಿಂದ ಎದ್ದು ನನ್ನ ಮಣಿಕಟ್ಟನ್ನೇ ನೋಡಿದ. ಆತ ರಾಯಚೂರು ಕಡೆಯವನು.

“ಸರ‍್ರ, ಈ ಗಡಿಯಾರ ನಿದ್ದಿ ಎಣಸ್ತದಂತಲ್ರಿ?”

“ಹೌದಪ್ಪ.”

“ಎಣಸಿ ಯಾರಿಗೆ ಹೇಳ್ತದ್ರಿ?”

“ನನಗೇ.”

“ಹಂಗಾದ್ರ ಚಲೋ ಅದ ಬಿಡ್ರಿ,” ಎಂದು ಗೇಟಿನ ಮೇಲಿನ ಕ್ಯಾಮೆರಾದತ್ತ ಗದ್ದ ಎತ್ತಿ ತೋರಿಸಿದ. “ನಮ್ದು ಸೆಕ್ರೆಟರಿ ಸಾಹೇಬ್ರಿಗೆ ಹೇಳ್ತದ.”