ನಡುವೆ ಬಾಯಿ ಹಾಕೋ ಹಕ್ಕು

ಬೇಲಿಯಾಚೆಯ ಅಣ್ಣ ಸಕ್ಕರೆ ಕಾರ್ಖಾನೆಯಲ್ಲಿ ಇನ್‌ಸ್ಟ್ರುಮೆಂಟ್ ಕೆಲಸ ಮಾಡಿ ನಿವೃತ್ತರಾದವರು. ಪಾಂಡವಪುರದಲ್ಲಿ ಕಬ್ಬಿನ ಮಾತು ಬರದ ಹರಟೆ ಉಂಟೇ? ಅವತ್ತು ಅದು ಕಾರ್ಖಾನೆಯ ಯಂತ್ರಗಳನ್ನು ನಡೆಸುವ ಪಿ.ಎಲ್.ಸಿ. ಎಂಬ ಕಂಪ್ಯೂಟರಿಗೆ ತಿರುಗಿತು.

"ಅದು ಒಂದೇ ಸಮ ಸುತ್ತು ಹೊಡೀತಿರುತ್ತೆ ಮೇಷ್ಟ್ರೇ. ಒಳಗೆ ಬರೋ ಸಿಗ್ನಲ್ ಎಲ್ಲಾ ಓದೋದು, ಪ್ರೋಗ್ರಾಂ ನಡೆಸೋದು, ಮೋಟಾರು ವಾಲ್ವುಗಳಿಗೆ ಅಪ್ಪಣೆ ಕೊಡೋದು, ಮತ್ತೆ ಮೊದಲಿಂದ. ಇದನ್ನೇ ಸ್ಕ್ಯಾನ್ ಅಂತೀವಿ. ನಾಲೆ ಮೇಲೆ ನೀರುಗಂಟಿ ತೂಬು ನೋಡ್ಕೊಂಡು ಹೋದಂಗೆ."

"ಅವನು ಈ ತುದೀಲಿರುವಾಗ ಆ ತುದೀಲಿ ಏರಿ ಒಡೆದ್ರೆ?"

"ಯಾರಾದ್ರೂ ಕೂಗ್ಬೇಕು. ಆ ಕೂಗೇ ಇಂಟರಪ್ಟ್."

1968ರಲ್ಲಿ ಅಮೆರಿಕದ ಡಿಕ್ ಮಾರ್ಲಿ ಈ ಯಂತ್ರದ ಕಲ್ಪನೆ ಬರೆದಿಟ್ಟಾಗ ರಿಲೇ ಎಂಬ ವಿದ್ಯುತ್ ಸ್ವಿಚ್ಚುಗಳ ಬೀರು ತೆಗೆಯುವುದೇ ಮುಖ್ಯ ಉದ್ದೇಶ. ರಿಲೇಗೆ ಬದಲಾಗಿ ಬಂದದ್ದು ಸುತ್ತು ಹೊಡೆದೇ ಬದುಕುತ್ತದೆ. ಸುತ್ತಿಗೆ 20 ಮಿಲಿಸೆಕೆಂಡ್ ಹಿಡಿದರೆ ಹೆಚ್ಚಿನ ಕೆಲಸಕ್ಕೆ ಧಾರಾಳ. ಕಬ್ಬಿನ ಕ್ಯಾರಿಯರ್ ವೇಗ ತಗ್ಗಿಸಲು, ಕುದಿಯುವ ಪಾಕದ ಉಷ್ಣತೆ ನೋಡಲು ಯಾರೂ ಮಿಲಿಸೆಕೆಂಡ್ ಎಣಿಸುವುದಿಲ್ಲ.

ತೊಡಕು ಸೆಂಟ್ರಿಫ್ಯೂಗಲ್ ಮಿಷಿನ್‌ನಂಥ ಕಡೆ. ನಿಮಿಷಕ್ಕೆ 1200 ಸುತ್ತು ಅಂದರೆ ಸೆಕೆಂಡಿಗೆ 20. ಶಾಫ್ಟಿನ ಚಕ್ರಕ್ಕೆ 60 ಹಲ್ಲಿದ್ದರೆ ಸೆನ್ಸರಿನಿಂದ ಸೆಕೆಂಡಿಗೆ 1200 ಪಲ್ಸ್. ಪಿ.ಎಲ್.ಸಿ. ಒಂದು ಸುತ್ತು ಮುಗಿಸುವಷ್ಟರಲ್ಲಿ 24 ಪಲ್ಸ್ ಕಣ್ಣು ತಪ್ಪಿಸಿಕೊಂಡು ಹೋಗಿರುತ್ತವೆ. ಅದಕ್ಕೇ ಹೈ ಸ್ಪೀಡ್ ಕೌಂಟರ್ ಅಂತ ಬೇರೆಯೇ ಒಬ್ಬ ಎಣಿಕೆಗಾರ. ಮಿತಿ ಮೀರಿದಾಗ ಮಾತ್ರ ಅವನು ಇಂಟರಪ್ಟ್ ಕೊಡುತ್ತಾನೆ.

"ಹಂಗಾದ್ರೆ ಎಲ್ಲಕ್ಕೂ ಇಂಟರಪ್ಟೇ ಇಟ್ಟುಬಿಡಬಹುದಲ್ಲಣ್ಣ?"

"ಅಯ್ಯೋ, ಹೊಸ ಹುಡುಗ್ರು ಮಾಡೋದೇ ಅದು! ಮುಖ್ಯ ಪ್ರೋಗ್ರಾಂ ನಿಲ್ಲಿಸಿ ತಾನೆ ಇದು ನಡೆಯೋದು? ಇದು ಉದ್ದ ಆದಷ್ಟೂ ಅದು ಹಿಂದೆ ಬೀಳುತ್ತೆ."

ಸೀಮೆನ್ಸ್‌ನ ಎಸ್7-300 ಪಿ.ಎಲ್.ಸಿ.ಯಲ್ಲಿ ಈ ಲೆಕ್ಕ ಬಲು ಕಟ್ಟುನಿಟ್ಟು. ಪ್ರೋಗ್ರಾಮಿನ ಒಂದೊಂದು ತುಂಡಿಗೂ ಓಬಿ ಎಂದು ಹೆಸರು, ಒಂದೊಂದಕ್ಕೂ ಒಂದು ಆದ್ಯತೆ. ಓಬಿ1 ಮುಖ್ಯ ಸುತ್ತು, ಆದ್ಯತೆ 1. ಕಾಲಕ್ಕೆ ಸರಿಯಾಗಿ ಎದ್ದು ಬರುವ ಓಬಿ35ಕ್ಕೆ 12. ಹೊರಗಿನ ಘಟನೆಗೆ ಓಗೊಡುವ ಓಬಿ40ಕ್ಕೆ 16. ದೊಡ್ಡ ಅಂಕಿಯದು ಚಿಕ್ಕದನ್ನು ತಡೆಯಬಹುದು, ಚಿಕ್ಕದು ದೊಡ್ಡದನ್ನಲ್ಲ. ನಮ್ಮ ಪಂಚಾಯ್ತಿ ಸಭೆಗೂ ಇಂಥದ್ದೊಂದು ನಿಯಮ ಬೇಕಿತ್ತು! ಮುಖ್ಯ ಸುತ್ತಿಗೆ ತಯಾರಕರು ಇಟ್ಟಿರುವ ಗಡುವು 150 ಮಿಲಿಸೆಕೆಂಡ್. ಸುತ್ತು ಅದನ್ನು ಮೀರಿದರೆ ಓಬಿ80 ಕರೆಯಲ್ಪಡುತ್ತದೆ, ಅದನ್ನು ಬರೆದೇ ಇಲ್ಲವಾದರೆ ಸಿ.ಪಿ.ಯು. ಸ್ಟಾಪ್‌ಗೆ ಹೋಗಿ ಕೂರುತ್ತದೆ. ಕಬ್ಬು ಅರೆಯುವ ಸೀಸನ್ನಿನಲ್ಲಿ ಹಾಗೆ ಕೂತರೆ ಗೇಟಿನಿಂದಾಚೆ ಗಾಡಿಗಳ ಸಾಲು ಎಲ್ಲಿಗೆ ಮುಟ್ಟುತ್ತದೋ!

ಅಣ್ಣ ಇನ್ನೊಂದು ಗುಟ್ಟು ಹೇಳಿದರು. ಇಂಟರಪ್ಟ್ ಬಂತು, ಪ್ರೋಗ್ರಾಂ ಓಡಿತು, ಆದರೂ ವಾಲ್ವು ತಡವಾಗಿಯೇ ಮುಚ್ಚಿತು. ಯಾಕೆ? ಅಪ್ಪಣೆಯನ್ನು ಮಾಮೂಲಿ ಔಟ್‌ಪುಟ್ ಪಟ್ಟಿಗೆ ಬರೆದಿದ್ದರು. ಆ ಪಟ್ಟಿ ಹೊರಗೆ ಹೋಗುವುದು ಮುಂದಿನ ಸುತ್ತಿಗೆ. ನೇರ ಔಟ್‌ಪುಟ್ ಮಾಡ್ಯೂಲಿಗೇ ಬರೆಯಬೇಕು. ಇಲ್ಲದಿದ್ದರೆ ಎದ್ದುಬಿದ್ದು ಓಡಿಬಂದದ್ದೂ ವ್ಯರ್ಥ.

ಕೂಗೇ ಬೇಡದ ವ್ಯವಸ್ಥೆಯೂ ಉಂಟು ಅಂತ ಮಾತು ನಾಗಮಂಗಲದಾಚೆ, ಕುಣಿಗಲ್ ತಾಲ್ಲೂಕಿನ ಮಾರ್ಕೋನಹಳ್ಳಿ ಅಣೆಕಟ್ಟೆಗೆ ಹೊರಳಿತು. ಅಲ್ಲಿನ ಸೈಫನ್‌ಗೆ ಯಾವ ಪ್ರೋಗ್ರಾಮೂ ಇಲ್ಲ. ನೀರು ಮಟ್ಟ ಮೀರಿದರೆ ಒಳಗಿನ ಗಾಳಿ ಹೊರಬಿದ್ದು ತಾನಾಗಿ ಹರಿಯುತ್ತದೆ. ಘಟನೆಯೇ ಉತ್ತರವೂ ಹೌದು, ಯಾರೂ ಯಾರನ್ನೂ ಕೂಗುವ ಪ್ರಮೇಯವಿಲ್ಲ.

"ಮತ್ತೆ ಮಿಷಿನ್ ನಿಲ್ಲಿಸೋ ಎಮರ್ಜೆನ್ಸಿ ಗುಂಡಿನೂ ಓಬಿ40ಕ್ಕೆ ಕೊಡ್ತೀರಾ?" ಅಂದೆ.

ಅಣ್ಣ ನಕ್ಕರು. "ಜೀವದ ಮಾತು ಮೇಷ್ಟ್ರೇ, ಅದನ್ನ ಮಾಮೂಲಿ ಪ್ರೋಗ್ರಾಮಿನ ಮರ್ಜಿಗೆ ಬಿಡಲ್ಲ. ಅದರ ತಂತಿ ನೇರ ಸೇಫ್ಟಿ ರಿಲೇಗೆ ಹೋಗಿ ಮೋಟಾರಿನ ಕರೆಂಟನ್ನೇ ಕಡಿಯುತ್ತೆ. ಪಿ.ಎಲ್.ಸಿ.ಗೆ ಸುದ್ದಿ ಆಮೇಲೆ ತಿಳಿದರೂ ನಡೆಯುತ್ತೆ."